ಹಾವು ಕಡಿತದ ಚಿಕಿತ್ಸೆ: ಹಾವೇರಿ ಜಿಲ್ಲೆಯ ಸಣ್ಣ ದವಾಖಾನೆಯೊಂದರಲ್ಲಿ ನಾವು ಕಂಡದ್ದು

ಕಳೆದ ಅಕ್ಟೋಬರ್ ತಿಂಗಳಲ್ಲಿ ನನ್ನ ಅಣ್ಣನಿಗೆ ಹೊಲದ ಬದುವಿನ ಮೇಲೆ ಕೊಳಕುಮಂಡಲ ಹಾವು ಕಡಿಯಿತು. ಹಾವೇರಿ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿರುವ ಹನ್ನೆರಡು ಹಾಸಿಗೆಯ ಖಾಸಗಿ ದವಾಖಾನೆಯಲ್ಲಿ ಆರು ದಿನ ಇದ್ದು ಅವನು ಗುಣವಾಗಿ ಮನೆಗೆ ಬಂದನು. ಆ ಆರು ದಿನ ಹಾಸಿಗೆಯ ಪಕ್ಕದಲ್ಲಿ ಕುಳಿತವನೂ, ಆಮೇಲಿನ ತಪಾಸಣೆಗಳಿಗೆ ಅವನನ್ನು ಕರೆದೊಯ್ದವನೂ ನಾನೇ ಆದುದರಿಂದ, ಅಲ್ಲಿ ನೋಡಿದ್ದನ್ನು ವಿವರವಾಗಿ ಬರೆಯುವ ಹೊಣೆ ನನ್ನ ಮೇಲಿದೆ ಎಂದುಕೊಂಡಿದ್ದೇನೆ.

ದವಾಖಾನೆಯ ಹೆಸರನ್ನಾಗಲಿ ವೈದ್ಯೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬರೆಯುತ್ತೇನೆಂದು ಹೇಳಿದಾಗ ಅವರೇ ಬೇಡವೆಂದರು. ಹೆಸರು ಓದಿದವರು ನಾಳೆ ಹಾವು ಕಡಿದಾಗ ತಮ್ಮ ಹತ್ತಿರದ ಸರಕಾರಿ ತಾಲೂಕು ಆಸ್ಪತ್ರೆಯನ್ನು ದಾಟಿಕೊಂಡು ಇಲ್ಲಿಗೆ ಬರುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ಅದೇ ಔಷಧ ಉಚಿತವಾಗಿ ಸಿಗುವಾಗ ಅರ್ಧ ಗಂಟೆಯ ದಾರಿ ಹೆಚ್ಚಾಗಿ ಜೀವಕ್ಕೇ ಸಂಚಕಾರ ಬರಬಹುದು ಎಂಬುದು ಅವರ ಕಾರಣ. ಆ ಮಾತಿಗೆ ನಾನು ಒಪ್ಪಿದ್ದೇನೆ. ಹಾಗಾಗಿ ಈ ಬರಹವನ್ನು ಓದುವವರು ಒಂದು ವಿಳಾಸವನ್ನು ಹುಡುಕದೆ, ಹಾವು ಕಡಿತಕ್ಕೆ ಒಳ್ಳೆಯ ಚಿಕಿತ್ಸೆ ಕೊಡುವ ಜಾಗ ಹೇಗಿರುತ್ತದೆ ಎಂಬುದನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಡೆ ಗೋವಿನಜೋಳದ ಪೀಕು ಕೊಯ್ಲಿಗೆ ಬಂದಿತ್ತು, ಅದರ ಪಕ್ಕದ ಎರಡು ಎಕರೆ ಮೆಣಸಿನಕಾಯಿಗೆ ನೀರು ಹಾಯಿಸುವುದಿತ್ತು. ಮೂರು ಫೇಸ್ ಕರೆಂಟು ಆ ವಾರ ರಾತ್ರಿ ಪಾಳಿಯಲ್ಲಿ ಬರುತ್ತಿದ್ದುದರಿಂದ ಅಣ್ಣ ಊಟ ಮುಗಿಸಿ, ಸಾದಾ ಚಪ್ಪಲಿ ಮೆಟ್ಟಿ, ಮೊಬೈಲ್ ಬೆಳಕಿನಲ್ಲಿ ಮೋಟರು ಚಾಲೂ ಮಾಡಲು ಹೋದನು. ಬದುವಿನ ಹುಲ್ಲಿನೊಳಗೆ ಕುಕ್ಕರ್ ಸೀಟಿ ಹಾಕುವ ಮುನ್ನ ಬುಸುಗುಡುವಂಥ ಸದ್ದು ಕೇಳಿತಂತೆ. ಕಾಲು ಹಿಂದಕ್ಕೆ ತೆಗೆಯುವಷ್ಟರಲ್ಲಿ ಹಿಮ್ಮಡಿಯ ಮೇಲ್ಭಾಗಕ್ಕೆ ಕಡಿದಾಗಿತ್ತು. ಪಕ್ಕದ ಹೊಲದವರು ಓಡಿ ಬಂದು ಮೊಣಕಾಲ ಕೆಳಗೆ ಟವೆಲನ್ನು ಬಿಗಿಯಾಗಿ ಕಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದರು, ಆದರೆ ಹಾಗೆ ಕಟ್ಟಬಾರದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾವು ಮೊದಲು ಹೋದದ್ದು ಈ ದವಾಖಾನೆಗೆ ಅಲ್ಲ. ದಾರಿಯಲ್ಲೇ ಸಿಗುವ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಸೊಂಟಕ್ಕೆ ಒಂದು ನೋವಿನ ಇಂಜೆಕ್ಷನ್, ತೋಳಿಗೆ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಬಾವು ಬಂದಿದೆಯಷ್ಟೇ, ಬೆಳಗಿನವರೆಗೆ ನೋಡೋಣ ಎಂದರು. ಹಾವಿನ ವಿಷಕ್ಕೆ ಔಷಧ ಇದೆಯೇ ಎಂದು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಒಂದು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಅಲ್ಲಿ ಹೋಯಿತು. ಬಾವು ಮೊಣಕಾಲ ಹತ್ತಿರ ಏರುತ್ತಿದ್ದುದನ್ನು ನೋಡಿ, ನಮ್ಮನ್ನು ಕರೆತಂದಿದ್ದ ಟಂಟಂ ಗಾಡಿಯ ಹುಡುಗನೇ, "ಕಾಕಾ, ಇಲ್ಲಿ ಕುಂತ್ರ ಆಗೂದಿಲ್ರಿ, ಡಾಕ್ಟರ್ ಬಾಯಾರ ಹತ್ರ ಹೋಗೂಣ ನಡೀರಿ" ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದನು. ಆ ಹುಡುಗನಿಗೆ ಇದು ಹೇಗೆ ತಿಳಿದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ದವಾಖಾನೆಯ ಬಾಗಿಲಲ್ಲಿ ಚೀಟಿ, ಮುಂಗಡ ಹಣ ಯಾವುದನ್ನೂ ಕೇಳಲಿಲ್ಲ. ನರ್ಸ್ ಬಾಯಿ ಅಣ್ಣನನ್ನು ನಡೆಯಲು ಬಿಡದೆ ಗಾಲಿಕುರ್ಚಿಯಲ್ಲಿ ಒಳಗೆ ತೆಗೆದುಕೊಂಡು ಹೋಗಿ, ಕಾಲಿನ ಕರಿದಾರವನ್ನೂ ಬೆರಳಿನ ಉಂಗುರವನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ವೈದ್ಯೆ ಬಂದವರೇ ಟವೆಲನ್ನು ಬಿಚ್ಚುವುದಕ್ಕೆ ಅವಸರ ಮಾಡಲಿಲ್ಲ. ಮೊದಲು ಕೈಗೆ ಸಲೈನಿನ ಸೂಜಿ ಹಾಕಿ, ತುರ್ತು ಔಷಧಗಳ ತಟ್ಟೆಯನ್ನು ಹತ್ತಿರ ಇರಿಸಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದರು. ಬಿಗಿದ ಕಟ್ಟನ್ನು ಒಮ್ಮೆಗೇ ಬಿಚ್ಚಿದರೆ ಕೆಳಗೆ ತಡೆದು ನಿಂತ ವಿಷ ಒಟ್ಟಿಗೆ ಮೈಗೆ ಏರಬಹುದು ಎಂದು ಕೆಲಸ ಮಾಡುತ್ತಲೇ ನಮಗೆ ಹೇಳಿದರು.

ಇನ್ನು ಆ ಗಾಜಿನ ನಳಿಕೆಯ ವಿಷಯ. ಇದನ್ನು ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪೊಟ್ಟಣದಿಂದ ಹೊಸದಾಗಿ ತೆಗೆದ, ಬೆರಳಿನಷ್ಟು ದಪ್ಪದ ಗಾಜಿನ ನಳಿಕೆಯೊಂದಕ್ಕೆ ಅಣ್ಣನ ತೋಳಿನ ರಕ್ತವನ್ನು ಎರಡು ಮಿಲಿಲೀಟರಿನಷ್ಟು ಹಾಕಿ, ಅದರ ಮೇಲೆ ಅಂಟಿಸಿದ ಬಿಳಿ ಪಟ್ಟಿಯಲ್ಲಿ ಸಮಯ ಬರೆದು, ಕಿಟಕಿಯ ಕಟ್ಟೆಯ ಮೇಲಿದ್ದ ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. "ಯಾರೂ ಮುಟ್ಟಬ್ಯಾಡ್ರಿ, ಅಲುಗಾಡಸಬ್ಯಾಡ್ರಿ. ಇಪ್ಪತ್ತು ನಿಮಿಷ ಅದರ ಪಾಡಿಗೆ ಅದು ಇರಲಿ" ಎಂದರು. ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಇದು ಸಹಿಸಲಾಗಲಿಲ್ಲ. "ಔಷಧ ಕೊಡೂದು ಬಿಟ್ಟು ಬಾಟ್ಲಿ ನೋಡ್ಕೋತ ಕುಂತೀರಲ್ರಿ ಬಾಯಾರ" ಎಂದು ಅತ್ತುಬಿಟ್ಟರು. ವೈದ್ಯೆ ಅವರ ಕೈ ಹಿಡಿದು, ಕಡಿದ ಹಾವುಗಳೆಲ್ಲ ವಿಷ ಬಿಟ್ಟಿರುವುದಿಲ್ಲ, ವಿಷ ಏರಿಲ್ಲದವನಿಗೆ ಈ ಔಷಧ ಕೊಟ್ಟರೆ ಔಷಧದಿಂದಲೇ ತೊಂದರೆಯಾಗಬಹುದು, ಇಪ್ಪತ್ತು ನಿಮಿಷದಲ್ಲಿ ಈ ನಳಿಕೆಯೇ ಹೇಳುತ್ತದೆ, ಅಷ್ಟರೊಳಗೆ ಒಸಡಿನಲ್ಲಿ ರಕ್ತ ಕಂಡರೆ ನಳಿಕೆಗೆ ಕಾಯದೆ ಔಷಧ ಹಾಕುತ್ತೇನೆ ಎಂದು ಸಮಾಧಾನವಾಗಿ ತಿಳಿಸಿದರು. ಆ ಇಪ್ಪತ್ತು ನಿಮಿಷವೂ ಅವರು ಅಣ್ಣನ ಬಳಿಯಿಂದ ಕದಲಲಿಲ್ಲ. ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುತ್ತಿದ್ದರು, ಒಸಡು ನೋಡುತ್ತಿದ್ದರು, ರಟ್ಟು ಮತ್ತು ಬಟ್ಟೆಯಿಂದ ಕಾಲು ಅಲುಗದಂತೆ ಕಟ್ಟಿಸಿದರು.

ಸಮಯವಾದ ಮೇಲೆ ನಳಿಕೆಯನ್ನು ಎತ್ತಿ ಒಮ್ಮೆ ಮಾತ್ರ ವಾಲಿಸಿದರು. ರಕ್ತ ನೀರಿನಂತೆ ಗಾಜಿನ ಗೋಡೆಯ ಮೇಲೆ ಹರಿಯಿತು. ಆರೋಗ್ಯವಂತರ ರಕ್ತ ಅಷ್ಟು ಹೊತ್ತಿಗೆ ಗಾಜಿಗೆ ಕಚ್ಚಿಕೊಂಡು ಹೆಪ್ಪುಗಟ್ಟಿರಬೇಕು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಖಾಲಿ ಮಾಡುತ್ತದೆ. ಈ ಪರೀಕ್ಷೆಗೆ ಯಂತ್ರ ಬೇಡ, ಕರೆಂಟು ಬೇಡ, ಲ್ಯಾಬಿನವರೂ ಬೇಡ. ಆದರೆ ನಳಿಕೆ ಗಾಜಿನದೇ ಆಗಿರಬೇಕು, ಹೊಸದಾಗಿರಬೇಕು, ಒಣಗಿರಬೇಕು. ಪ್ಲಾಸ್ಟಿಕ್ ನಳಿಕೆಯಲ್ಲಿ, ಅಥವಾ ಸಾಬೂನಿನಿಂದ ತೊಳೆದ ಗಾಜಿನಲ್ಲಿ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ತಪ್ಪು ಉತ್ತರ ಬರಬಹುದು. 1970ರ ದಶಕದಲ್ಲಿ ಉತ್ತರ ನೈಜೀರಿಯಾದಲ್ಲಿ ಗರಗಸ ಮಂಡಲ ಎಂಬ ಹಾವು ಕಡಿದವರಿಗೆ ಚಿಕಿತ್ಸೆ ಮಾಡುತ್ತಿದ್ದ ಇಂಗ್ಲಿಷ್ ವೈದ್ಯ ಡೇವಿಡ್ ವಾರೆಲ್ ಮತ್ತು ಸಂಗಡಿಗರು ಲ್ಯಾಬ್ ಇಲ್ಲದ ಆಸ್ಪತ್ರೆಗಳಿಗೂ ಹೊಂದುವ ಇಂಥ ಸರಳ ಪರೀಕ್ಷೆಯನ್ನು ಬಳಕೆಗೆ ತಂದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಸಂಶೋಧನೆ ನಮ್ಮ ಹಾವೇರಿಯ ಕಿಟಕಿಯ ಕಟ್ಟೆಯವರೆಗೆ ಬಂದು ನನ್ನ ಅಣ್ಣನನ್ನು ಉಳಿಸಿತು ಎಂದು ನೆನೆದಾಗ ನನಗೆ ಕಣ್ಣು ತುಂಬುತ್ತದೆ.

ಕೂಡಲೇ ವಿಷನಿರೋಧಕ ಔಷಧದ ಹತ್ತು ಸೀಸೆಗಳನ್ನು ತೆಗೆದರು. ಅದು ಪುಡಿಯ ರೂಪದಲ್ಲಿರುತ್ತದೆ. ಪ್ರತಿಯೊಂದು ಸೀಸೆಗೂ ಹತ್ತು ಮಿಲಿಲೀಟರ್ ಶುದ್ಧ ನೀರು ಸೇರಿಸಿ, ಕುಲುಕದೆ, ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು. ಕುಲುಕಿದರೆ ನೊರೆ ಎದ್ದು ಔಷಧ ಕೆಡುತ್ತದೆ. ಇಬ್ಬರು ನರ್ಸ್‌ಗಳು ಒಂದೂ ಮಾತಾಡದೆ ಸೀಸೆಗಳನ್ನು ತಿರುಗಿಸುತ್ತಿದ್ದ ಆ ದೃಶ್ಯ ನನಗೆ ಮರೆಯದು. ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಹರಿಸಲು ಶುರುಮಾಡಿದ ಕಾಲು ಗಂಟೆಯೊಳಗೆ ಅಣ್ಣನಿಗೆ ಮೈ ತುರಿಕೆ, ದದ್ದು, ನಡುಕ ಬಂದವು. ವೈದ್ಯೆ ಔಷಧ ನಿಲ್ಲಿಸಿ, ಮೊದಲೇ ಸಿರಿಂಜಿಗೆ ತುಂಬಿಟ್ಟಿದ್ದ ಅಡ್ರಿನಲಿನ್ ಎಂಬ ತುರ್ತು ಔಷಧವನ್ನು ತೊಡೆಗೆ ಕೊಟ್ಟು, ನಡುಕ ಇಳಿದ ಮೇಲೆ ಮತ್ತೆ ನಿಧಾನವಾಗಿ ಶುರುಮಾಡಿದರು. ಕುದುರೆಯ ರಕ್ತದಿಂದ ತಯಾರಿಸಿದ ಔಷಧವಾದುದರಿಂದ ಕೆಲವರ ಮೈಗೆ ಇದು ಒಗ್ಗುವುದಿಲ್ಲ; ಅದಕ್ಕೆ ಹೆದರಿ ಔಷಧವನ್ನೇ ಕೊಡದೆ ಬೇರೆ ಕಡೆ ಕಳಿಸುವ ವೈದ್ಯರೂ ಇದ್ದಾರೆ. ಸಿದ್ಧವಾಗಿದ್ದವರಿಗೆ ಹೆದರಿಕೆ ಕಡಿಮೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಆರು ಗಂಟೆಯ ನಂತರ, ಬೆಳಗಿನ ಜಾವ, ಮತ್ತೊಂದು ಹೊಸ ನಳಿಕೆ. ಆಗಲೂ ರಕ್ತ ಹರಿಯಿತು. ಇನ್ನೂ ಐದು ಸೀಸೆ ಕೊಟ್ಟರು. ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ ಮೂರನೆಯ ನಳಿಕೆಯನ್ನು ವಾಲಿಸಿದಾಗ ರಕ್ತ ಅಲುಗಲಿಲ್ಲ. ಬಟ್ಟಲಿನಲ್ಲಿ ಗಿಣ್ಣ ನಿಂತ ಹಾಗೆ ನಿಂತಿತ್ತು. ವೈನಿ ಆ ನಳಿಕೆಗೇ ಕೈಮುಗಿದರು.

ಇಷ್ಟೇ ಆಗಿದ್ದರೆ ನಾನು ಒಳ್ಳೆಯ ಚಿಕಿತ್ಸೆ ಎಂದು ಎರಡು ಸಾಲು ಬರೆದು ಮುಗಿಸುತ್ತಿದ್ದೆ. ಈ ದವಾಖಾನೆಯ ವಿಶೇಷ ಇರುವುದು ಹಾಸಿಗೆಯ ಪಕ್ಕದ ಕೆಲಸಕ್ಕೆ ಅಂಟಿಕೊಂಡಿರುವ ಇನ್ನೆರಡು ಕೆಲಸಗಳಲ್ಲಿ. ಅವುಗಳಲ್ಲಿ ಒಂದು ಅವರ ಮೇಜಿನ ಮೇಲಿನ ಉದ್ದನೆಯ ಖಾತೆ ಪುಸ್ತಕ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಬರೆಯುವಂಥ ಕೆಂಪು ರಟ್ಟಿನ ಪುಸ್ತಕ ಅದು. ಮೊದಲ ರಾತ್ರಿ ಔಷಧ ಹರಿಯುತ್ತಿದ್ದಾಗಲೇ ವೈದ್ಯೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ಕೇಳತೊಡಗಿದರು: ಎಷ್ಟು ಗಂಟೆಗೆ ಕಡಿಯಿತು, ಯಾವ ಪೀಕಿನ ಹೊಲ, ಕಾಲಲ್ಲಿ ಏನಿತ್ತು, ಕೈಯಲ್ಲಿ ಬ್ಯಾಟರಿ ಇತ್ತೇ, ಆ ಹೊತ್ತಿಗೆ ಹೊಲಕ್ಕೆ ಹೋಗಿದ್ದು ಯಾಕೆ, ಮೊದಲು ಎಲ್ಲಿಗೆ ಹೋದಿರಿ, ಅಲ್ಲಿ ಏನು ಕೊಟ್ಟರು, ಇಲ್ಲಿಗೆ ಬರಲು ಹೇಳಿದವರು ಯಾರು. ಇಂಥ ಹೊತ್ತಿನಲ್ಲಿ ಇದೆಲ್ಲ ಯಾಕೆಂದು ನನಗೂ ಬೇಸರವಾಗಿತ್ತು. ಹಸಿ ನೆನಪು ನಾಳೆಗೆ ಇರುವುದಿಲ್ಲ, ನಿಮ್ಮ ಅಣ್ಣನ ಒಂದು ಸಾಲು ಮುಂದೆ ಬರುವವರಿಗೆ ಬೇಕು ಎಂದಷ್ಟೇ ಹೇಳಿದರು.

ಆರನೆಯ ದಿನ ಬಿಡುವಿದ್ದಾಗ ಆ ಪುಸ್ತಕ ಏನು ಕೆಲಸಕ್ಕೆ ಬಂದಿದೆ ಎಂದು ಕೇಳಿದೆ. ಅವರು ಹೇಳಿದ ಎರಡು ಸಂಗತಿಗಳನ್ನು ಬರೆಯುತ್ತೇನೆ. ಹಿಂದೆ ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಬಂದ ಕೆಲವರಿಗೆ ಸ್ವಲ್ಪ ಹೊತ್ತಿನಲ್ಲೇ ಕಣ್ಣಿನ ರೆಪ್ಪೆ ಇಳಿದು ಉಸಿರು ಕಟ್ಟುತ್ತಿತ್ತು. ಪುಸ್ತಕ ತಿರುವಿ ನೋಡಿದರೆ ಅವರೆಲ್ಲರೂ ನೆಲದ ಮೇಲೆ ಮಲಗಿದ್ದವರು. ಅದು ಕಟ್ಟುಹಾವಿನ ಕಡಿತ. ಹಲ್ಲಿನ ಗುರುತೂ ಕಾಣುವುದಿಲ್ಲ, ನಿದ್ದೆಯಲ್ಲಿ ನೋವೂ ಗೊತ್ತಾಗುವುದಿಲ್ಲ ಎಂದು ಪುಸ್ತಕಗಳಲ್ಲಿ ಓದಿದ್ದರೂ, ತಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇಷ್ಟು ಸಲ ಆಗುತ್ತದೆ ಎಂಬುದು ಈ ಸಾಲುಗಳನ್ನು ಕೂಡಿಸಿ ನೋಡಿದಾಗ ತಿಳಿಯಿತಂತೆ. ಈಗ ಮಳೆಗಾಲದಲ್ಲಿ ಹೊತ್ತು ಮೂಡುವ ಮುಂಚೆ ಹೊಟ್ಟೆನೋವೆಂದು ಯಾರೇ ಬಂದರೂ ಬಾಗಿಲಲ್ಲಿರುವ ನರ್ಸ್ ಮೊದಲು, "ಮ್ಯಾಲೆ ನೋಡ್ರಿ, ಹಂಗ ನೋಡಕೋತ ಇರ್ರಿ" ಎಂದು ತಮ್ಮ ಬೆರಳನ್ನು ಎತ್ತರದಲ್ಲಿ ಹಿಡಿದು ರೆಪ್ಪೆ ಸೋಲುತ್ತದೆಯೇ ಎಂದು ನೋಡುತ್ತಾರೆ. ನಾವಿದ್ದ ನಾಲ್ಕನೆಯ ದಿನ ಒಬ್ಬ ಅಜ್ಜಿಗೆ ಹಾಗೆ ಮಾಡಿದ್ದನ್ನು ನಾನೇ ನೋಡಿದೆ. ಅಜ್ಜಿಗೆ ಇದ್ದದ್ದು ಬರೀ ಅಜೀರ್ಣ.

ಎರಡನೆಯದು ನಮ್ಮ ಅಣ್ಣನಿಗೂ ಸಂಬಂಧಿಸಿದ್ದು. ಮಂಡಲದ ಹಾವು ಕಡಿದು ರಕ್ತ ನೀರಾಗಿರುವಾಗ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದರೆ ಆ ಜಾಗದಲ್ಲಿ ರಕ್ತ ಒಳಗೇ ಸೋರಿ ಗಡ್ಡೆ ಕಟ್ಟುತ್ತದೆ. ಅಣ್ಣನಿಗೂ ಹಾಗೆ ಅಂಗೈ ಅಗಲದ ಕಪ್ಪು ಗಡ್ಡೆಯಾಗಿ ಕಾಲಿಗಿಂತ ಅದೇ ಹೆಚ್ಚು ದಿನ ನೋಯಿಸಿತು. ಇಂಥ ಗಡ್ಡೆಗಳೊಂದಿಗೆ ಬಂದವರು ಎಲ್ಲೆಲ್ಲಿಂದ ಬಂದರು ಎಂಬುದನ್ನು ಪುಸ್ತಕದಿಂದ ತೆಗೆದು, ಸುತ್ತಲಿನ ಊರುಗಳ ವೈದ್ಯರಿಗೆಲ್ಲ, ಯಾರನ್ನೂ ದೂರದೆ, ಒಂದು ಪುಟದ ಕನ್ನಡ ಪತ್ರ ಬರೆದಿದ್ದಾರೆ. ಆ ಪತ್ರವನ್ನು ನಾನು ಓದಿದ್ದೇನೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರೆ ಸಾಕು, ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಕಾಲನ್ನು ಅಲುಗಿಸದೆ ಮೊದಲು ಸಿಗುವ ಔಷಧವಿರುವ ಆಸ್ಪತ್ರೆಗೆ ಕಳಿಸಿ ಎಂದು ಅದರಲ್ಲಿದೆ. ನಾವು ಮೊದಲು ಹೋದ ಆಸ್ಪತ್ರೆಗೂ ಆ ಪತ್ರ ಈಗ ತಲುಪಿದೆ.

ಈ ಪುಸ್ತಕದ ಬೆಲೆ ಇನ್ನೂ ದೊಡ್ಡದು ಎಂಬುದು ನನಗೆ ಆಮೇಲೆ ಓದಿದಾಗ ತಿಳಿಯಿತು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆ ಲೆಕ್ಕ ಸಿಕ್ಕಿದ್ದು ಮನೆ ಮನೆಗೆ ಹೋಗಿ ಸತ್ತವರ ಮನೆಯವರನ್ನು ಕೇಳಿದ್ದರಿಂದ. ಆಸ್ಪತ್ರೆಗಳ ದಾಖಲೆಯಲ್ಲಿದ್ದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಸುಮಾರು ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆದವು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ, ಹಾವು ಕಡಿತದ ಪ್ರಕರಣಗಳನ್ನೂ ಸಾವುಗಳನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಅದರ ಮುಂದಿನ ತಿಂಗಳೇ ಕೇಂದ್ರ ಸರಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕಾರ್ಯಯೋಜನೆಯನ್ನು ಹೊರಡಿಸಿತು. ನಮ್ಮ ವೈದ್ಯೆಯ ಕೆಂಪು ಪುಸ್ತಕ ಆ ಆದೇಶಕ್ಕಿಂತ ಬಹಳ ಹಳೆಯದು. ಆದೇಶ ಬಂದಾಗ ಅವರು ಹೊಸದಾಗಿ ಮಾಡಬೇಕಾದದ್ದು ಇದ್ದದ್ದನ್ನು ನಕಲು ಮಾಡಿ ಕಳಿಸುವುದಷ್ಟೇ.

ಸಂಶೋಧನೆ ಎಂದಾಗ ರೋಗಿಯ ಮನೆಯವರಿಗೆ ಅಳುಕು ಇರುವುದು ಸಹಜ, ನಮಗೂ ಇತ್ತು. ಎರಡನೆಯ ದಿನ ಒಂದು ಒಪ್ಪಿಗೆಯ ಪತ್ರವನ್ನು ತಂದು, ಅಣ್ಣ ಓದಬಲ್ಲನಾದರೂ ಪೂರ್ತಿ ಕನ್ನಡದಲ್ಲಿ ಓದಿ ಹೇಳಿದರು. ಒಂದು ವೈದ್ಯಕೀಯ ಕಾಲೇಜಿನ ಜೊತೆ ನಡೆಸುತ್ತಿರುವ ಅಧ್ಯಯನಕ್ಕೆ ಎರಡು ವಿಷಯ ಬೇಕಿತ್ತು: ಆರು ತಿಂಗಳವರೆಗೆ ಫೋನಿನಲ್ಲಿ ಆರೋಗ್ಯ ವಿಚಾರಿಸುವುದು, ಮತ್ತು ಸ್ವಲ್ಪ ಹೆಚ್ಚುವರಿ ರಕ್ತ. ಅಣ್ಣ ಫೋನಿಗೆ ಒಪ್ಪಿದ, ರಕ್ತಕ್ಕೆ ಒಪ್ಪಲಿಲ್ಲ. ವೈದ್ಯೆ ಒಂದು ಕಡೆ ಸರಿ ಗುರುತು, ಇನ್ನೊಂದು ಕಡೆ ಅಡ್ಡ ಗೆರೆ ಹಾಕಿ ಸಹಿ ತೆಗೆದುಕೊಂಡರು. ಅವರ ಮುಖದಲ್ಲಾಗಲಿ, ಮರುದಿನದ ಆರೈಕೆಯಲ್ಲಾಗಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ನನಗೆ ಅವರ ಮೇಲೆ ಪೂರ್ತಿ ವಿಶ್ವಾಸ ಬಂದದ್ದು ಆ ಗಳಿಗೆಯಲ್ಲಿ.

ಅವರು ಕೇಳುತ್ತಿರುವ ಪ್ರಶ್ನೆ ರೈತರಿಗೆಲ್ಲ ಸಂಬಂಧಿಸಿದ್ದು. ನಮ್ಮ ದೇಶದ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆ ಒಟ್ಟಿಗೆ ತಯಾರಾಗುತ್ತದೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುವುದು ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘ. ಆದರೆ ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ಆದ್ದರಿಂದ ಔಷಧ ಎಲ್ಲ ಕಡೆ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನಗಳು ತೋರಿಸಿವೆ. ಹಾಗಾದರೆ ನಮ್ಮ ಹೊಲದ ಕೊಳಕುಮಂಡಲಕ್ಕೆ ಎಷ್ಟು ಸೀಸೆ ಬೇಕು? ಅದು ಗೊತ್ತಾಗಬೇಕಾದರೆ ಇಂಥ ಸಣ್ಣ ಊರುಗಳಲ್ಲಿ ಕುಳಿತು, ನಳಿಕೆಯ ರಕ್ತ ಎಷ್ಟನೆಯ ಸೀಸೆಗೆ ಹೆಪ್ಪುಗಟ್ಟಿತು ಎಂದು ಪ್ರತಿ ರಾತ್ರಿ ಬರೆದಿಡುವವರು ಬೇಕು.

ಮೂರನೆಯ ಕೆಲಸ ಗುರುವಾರದ್ದು. ಗುರುವಾರ ಮಧ್ಯಾಹ್ನ ಎರಡು ಗಂಟೆಯ ನಂತರ ಹೊರರೋಗಿಗಳನ್ನು ನೋಡುವುದಿಲ್ಲ. ವೈದ್ಯೆ ಒಂದೊಂದು ವಾರ ಒಂದೊಂದು ಹಳ್ಳಿಗೆ ಹೋಗುತ್ತಾರೆ. ಟಂಟಂ ಚಾಲಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಶಾಲೆಯ ಮಕ್ಕಳಿಗೆ ತಿಳಿಸಿ ಹೇಳುತ್ತಾರೆ. ನಮ್ಮನ್ನು ಕರೆತಂದ ಹುಡುಗ ಅವರು ಎರಡು ವರ್ಷದ ಹಿಂದೆ ಗಾಡಿ ನಿಲ್ಲುವ ಜಾಗದಲ್ಲಿ ಹೇಳಿದ್ದನ್ನು ಕೇಳಿದ್ದನಂತೆ. ಹಾವಿನ ಮದ್ದು ಕೊಡುವ ನಾಟಿ ವೈದ್ಯರೊಬ್ಬರನ್ನೂ ಅವರು ಹೀಗಳೆಯದೆ ಮಾತಾಡಿಸಿ ಒಲಿಸಿಕೊಂಡಿದ್ದಾರೆ. ಈಗ ಆ ಹಿರಿಯರು ತಮ್ಮಲ್ಲಿಗೆ ಬಂದವರ ಹಣೆಗೆ ಅಂಗಾರ ಹಚ್ಚಿ, ತಮ್ಮ ಮಗನ ಬೈಕಿನಲ್ಲೇ ಆಸ್ಪತ್ರೆಗೆ ಕಳಿಸುತ್ತಾರೆ. ನಮ್ಮ ಊರಿಗೂ ಪಂಚಮಿ ಹಬ್ಬದ ಹಿಂದಿನ ವಾರ ಬಂದಿದ್ದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು, ನಾಗಪ್ಪಗೆ ಹಾಲೆರೆಯುವ ಹೆಣ್ಣುಮಕ್ಕಳ ಭಕ್ತಿಗೆ ಎಲ್ಲೂ ನೋವಾಗದಂತೆ, ಇಲಿ ಇದ್ದಲ್ಲಿ ಹಾವು ಬರುತ್ತದೆ, ಕಾಳಿನ ಚೀಲವನ್ನೂ ಕಟ್ಟಿಗೆಯ ರಾಶಿಯನ್ನೂ ಮಲಗುವ ಜಾಗದಿಂದ ದೂರ ಇಡಿ, ಬಣವಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಮಕ್ಕಳನ್ನು ಹೊರಸಿನ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗಿಸಿ, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಎಂದು ಹೇಳಿದರು. ನಾನು ಅಂದು ಸಂತೆಗೆ ಹೋಗಿದ್ದೆ, ಅಣ್ಣ ಕೇಳಲು ಹೋಗಲೇ ಇಲ್ಲ. ಆ ಕೊರಗು ನಮಗೆ ಇದ್ದೇ ಇದೆ.

ಕರೆಂಟಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೆಂಪು ಪುಸ್ತಕದಲ್ಲಿ ಆ ಹೊತ್ತಿಗೆ ಹೊಲಕ್ಕೆ ಯಾಕೆ ಹೋಗಿದ್ದಿರಿ ಎಂಬ ಕಾಲಂ ಇದೆ ಎಂದೆನಲ್ಲ, ಅದರಲ್ಲಿ ಮೋಟರು ಎಂಬ ಪದ ಪುಟದಿಂದ ಪುಟಕ್ಕೆ ಕಾಣುತ್ತದೆ. ಬೇಸಾಯಕ್ಕೆ ಮೂರು ಫೇಸ್ ಕರೆಂಟನ್ನು ಹಗಲು ಕೊಟ್ಟರೆ ಹಾವು ಕಡಿತ ಎಷ್ಟೋ ಕಡಿಮೆಯಾದೀತು ಎಂದು ಅವರು ಪ್ರತಿ ಗ್ರಾಮಸಭೆಯಲ್ಲೂ ಹೇಳುತ್ತಾರೆ. ಒಬ್ಬ ವೈದ್ಯೆ ಕರೆಂಟಿನ ಪಾಳಿಯ ಬಗ್ಗೆ ಮಾತಾಡುವುದು ಮೊದಲು ಕೇಳಿದವರಿಗೆ ವಿಚಿತ್ರವೆನಿಸಬಹುದು. ಹಾಸಿಗೆಯಲ್ಲಿ ಮಲಗಿದ ಅಣ್ಣನನ್ನು ನೋಡುತ್ತ ಆ ಕಾಲಂ ಓದಿದ ನನಗೆ ಅದೂ ಔಷಧದಷ್ಟೇ ವೈದ್ಯಕೀಯ ಎನಿಸಿತು.

ಹೀಗೆ ಚಿಕಿತ್ಸೆ, ಸಂಶೋಧನೆ, ಜನರಿಗೆ ತಿಳಿಸಿ ಹೇಳುವುದು ಎಂಬ ಮೂರು ಕೆಲಸಗಳನ್ನು ಒಬ್ಬರೇ ಮಾಡಿದ ವೈದ್ಯರು ಹಿಂದೆಯೂ ಇದ್ದರು. ಕೊಳಕುಮಂಡಲದ ಇಂಗ್ಲಿಷ್ ಹೆಸರಾದ ರಸೆಲ್ಸ್ ವೈಪರ್‌ನಲ್ಲಿರುವ ಪ್ಯಾಟ್ರಿಕ್ ರಸೆಲ್ ಸಿರಿಯಾದ ಅಲೆಪ್ಪೊ ನಗರದಲ್ಲಿ ಪ್ಲೇಗ್ ರೋಗಿಗಳಿಗೆ ಚಿಕಿತ್ಸೆ ಮಾಡಿ, ಆ ರೋಗದ ಬಗ್ಗೆ ದೊಡ್ಡ ಗ್ರಂಥ ಬರೆದ ವೈದ್ಯ. 1780ರ ದಶಕದಲ್ಲಿ ಭಾರತದ ಪೂರ್ವ ಕರಾವಳಿಯಲ್ಲಿದ್ದು, ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂದು ಜನರಿಗೆ ತಿಳಿಯಲೆಂದು ಹಾವುಗಳನ್ನು ಅಭ್ಯಾಸ ಮಾಡಿ 1796ರಲ್ಲಿ ಪ್ರಕಟಿಸಿದರು. ವಿಷನಿರೋಧಕ ಔಷಧವನ್ನು 1890ರ ದಶಕದಲ್ಲಿ ತಯಾರಿಸಿದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಕೂಡ ಹೀಗೆಯೇ. ವಿಯೆಟ್ನಾಮಿನ ಸೈಗಾನ್‌ನಲ್ಲಿ ಅವರಿದ್ದಾಗ ನೆರೆ ಬಂದು ನಾಗರಹಾವುಗಳು ಹಳ್ಳಿಯೊಂದಕ್ಕೆ ನುಗ್ಗಿ ಜನರನ್ನು ಕಡಿದದ್ದು ಅವರನ್ನು ಈ ಕೆಲಸಕ್ಕೆ ಹಚ್ಚಿತು. ಮುಂದೆ ಅವರೇ ಫ್ರಾನ್ಸಿನ ಲೀಲ್ ನಗರದಲ್ಲಿ ಕ್ಷಯರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು, ಇಂದು ನಮ್ಮ ಮಕ್ಕಳಿಗೆ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯನ್ನು ಜೊತೆಗಾರ ಗೆರಾನ್ ಅವರೊಂದಿಗೆ ಕಂಡುಹಿಡಿದರು. ನಮ್ಮ ವೈದ್ಯೆ ಹುಬ್ಬಳ್ಳಿಯಲ್ಲಿ ಓದಿ, ಕೆಲವು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದು, ಆಮೇಲೆ ಉನ್ನತ ವ್ಯಾಸಂಗ ಮುಗಿಸಿ ಇಲ್ಲಿಗೇ ಮರಳಿದವರು. ದೊಡ್ಡ ಊರಿನಲ್ಲಿ ಒಂದೇ ಕೆಲಸ ಹಿಡಿದಿದ್ದರೆ ಇದಕ್ಕಿಂತ ಹೆಚ್ಚು ಗಳಿಸುತ್ತಿದ್ದರು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಇಲ್ಲಿ ವೆಂಟಿಲೇಟರ್ ಇಲ್ಲ, ಡಯಾಲಿಸಿಸ್ ಇಲ್ಲ. ಕಟ್ಟುಹಾವು ಕಡಿದು ಉಸಿರು ಸೋತವರಿಗೆ ಮೊದಲ ಔಷಧ ಕೊಟ್ಟು, ಗಾಳಿಚೀಲ ಒತ್ತುತ್ತ ಹುಬ್ಬಳ್ಳಿಗೆ ಕಳಿಸಬೇಕಾಗುತ್ತದೆ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅಣ್ಣನ ಮೂತ್ರವನ್ನು ಗಂಟೆಗಂಟೆಗೆ ಅಳೆದು ಬರೆಯುತ್ತಿದ್ದರು, ಮೂರನೆಯ ದಿನ ರಕ್ತದ ವರದಿ ಸ್ವಲ್ಪ ಏರಿದಾಗ ಹುಬ್ಬಳ್ಳಿಗೆ ಹೋಗಲು ತಯಾರಾಗಿರಿ ಎಂದು ಮುಂಚಿತವಾಗಿ ತಿಳಿಸಿದ್ದರು, ಅದೃಷ್ಟಕ್ಕೆ ಇಳಿಯಿತು. ವೈದ್ಯೆ ಒಬ್ಬರೇ ಇರುವುದರಿಂದ ಹೊರರೋಗಿಗಳು ಎರಡು ಮೂರು ತಾಸು ಕಾಯುತ್ತಾರೆ, ಕೂರಲು ಬೆಂಚು ಸಾಲವು. ಗುರುವಾರದ ವಿಷಯವನ್ನು ಬಾಗಿಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ದೂರದಿಂದ ಬಂದು ಮರಳಿದವರ ಸಂಕಟವನ್ನು ನೋಡಿದ್ದೇನೆ. ರೋಗಿಯ ಜೊತೆಗಾರರು ವರಾಂಡದ ನೆಲದ ಮೇಲೆಯೇ ಮಲಗಬೇಕು, ಇದನ್ನು ಮೊದಲು ಸರಿಪಡಿಸಬೇಕೆಂದು ನಾನು ಅವರಿಗೇ ಹೇಳಿ ಬಂದಿದ್ದೇನೆ. ಬಿಡುಗಡೆಯ ಕಾಗದ ಇಂಗ್ಲಿಷಿನಲ್ಲಿದೆ. ಒಪ್ಪಿಗೆಯ ಪತ್ರವನ್ನು ಅಷ್ಟು ಚೆನ್ನಾದ ಕನ್ನಡದಲ್ಲಿ ಬರೆಸಿದವರು ಇದನ್ನೂ ಬರೆಸಬಹುದಿತ್ತು. ಖರ್ಚು ನಮ್ಮಂಥ ಒಕ್ಕಲಿಗೆ ಭಾರವೇ ಆಯಿತು, ಔಷಧದ ಸೀಸೆಗಳ ಬೆಲೆಯೇ ಅದರ ಬಹುಪಾಲು. ಆದರೆ ಪ್ರತಿಯೊಂದು ಸೀಸೆಯನ್ನೂ ಎಣಿಸಿ ಬರೆದ ಬಿಲ್ಲು ಕೊಟ್ಟರು, ಖಾಲಿ ಸೀಸೆಗಳನ್ನು ತೋರಿಸಿದರು, ಬಾಕಿಯನ್ನು ಗೋವಿನಜೋಳ ಮಾರಿದ ಮೇಲೆ ಕಟ್ಟಲು ಬಿಟ್ಟರು.

ಅಣ್ಣನಿಗೆ ಏಳನೆಯ ದಿನ, ತಿಂಗಳಿಗೊಮ್ಮೆ, ಆಮೇಲೆ ಆರನೆಯ ತಿಂ­ಗಳು ಫೋನ್ ಬಂತು. ಪಾದದಲ್ಲಿ ಇನ್ನೂ ಸಂಜೆಯ ಹೊತ್ತು ಜೋಮು ಹಿಡಿಯುತ್ತದೆ, ಕತ್ತಲಲ್ಲಿ ಒಬ್ಬನೇ ಹೊಲಕ್ಕೆ ಹೋಗಲು ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿದ. ಎರಡನ್ನೂ ಬರೆದುಕೊಂಡು, ಅಂಜಿಕೆಯೂ ಹಾವು ಕಡಿತದ ಭಾಗವೇ, ಅದಕ್ಕೂ ಬಂದು ತೋರಿಸಿ ಎಂದರಂತೆ. ಹೋಗಿ ಬಂದಿದ್ದೇವೆ.

ಓದುವವರಲ್ಲಿ ನನ್ನದೊಂದು ಬಿನ್ನಹ. ಮುಂಗಾರು ಶುರುವಾಗುವ ಮುಂಚೆ ಒಂದು ದಿನ ನಿಮ್ಮ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ, ಹಾವಿನ ವಿಷದ ಔಷಧ ದಾಸ್ತಾನು ಇದೆಯೇ, ರಾತ್ರಿ ಅದನ್ನು ಕೊಡುವವರು ಇರುತ್ತಾರೆಯೇ, ಗಾಜಿನ ನಳಿಕೆ ಇಟ್ಟಿದ್ದಾರೆಯೇ ಎಂದು ವಿನಯದಿಂದ ಕೇಳಿಕೊಂಡು ಬನ್ನಿ. ಉತ್ತರವನ್ನು ನಿಮ್ಮ ಓಣಿಯ ಟಂಟಂ ಚಾಲಕರಿಗೂ ತಿಳಿಸಿ.